ಹುಣಸೆ ಮಂಡಿಯಿಂದ ಗುಹೆಗಳ ಒಳಗೆ

ಸೇಲಂ ಕಡೆಯಿಂದ ಹರೂರಿಗೆ ಹೊರಟವರು ಮಂಜವಾಡಿ ಕಣಿವೆಯನ್ನು ದಾಟಿ ಇಳಿದರೆ ನಮ್ಮ ಪಾಪಿರೆಡ್ಡಿಪಟ್ಟಿಯ ಸೀಮೆ ಸಿಗುತ್ತದೆ. ಧರ್ಮಪುರಿ ಜಿಲ್ಲೆಯ ಸಣ್ಣ ಊರು. ಒಂದು ಕಡೆ ಏರ್ಕಾಡಿನ ಶೇರ್ವರಾಯನ್ ಬೆಟ್ಟಸಾಲು, ಇನ್ನೊಂದು ಕಡೆ ಚಿತ್ತೇರಿ ಬೆಟ್ಟಗಳು. ಏರ್ಕಾಡಿನಿಂದ ಇಳಿದು ಬರುವ ವಾಣಿಯಾರು ಹೊಳೆಗೆ ಬೆಟ್ಟದ ಬುಡದಲ್ಲೇ ಅಣೆಕಟ್ಟು ಉಂಟು. ಬೀದಿಯಲ್ಲಿ ತಮಿಳು, ಮನೆಯೊಳಗೆ ಕನ್ನಡ. ನಮ್ಮ ತಾತನವರು ಮೈಸೂರು ಸೀಮೆಯಿಂದ ವ್ಯಾಪಾರಕ್ಕೆಂದು ಬಂದು ಇಲ್ಲಿ ನೆಲೆನಿಂತವರು. ಅಂದಿನಿಂದ ಇಂದಿನವರೆಗೆ ನಮ್ಮದು ಹುಣಸೆಹಣ್ಣಿನ ಮಂಡಿ. ಓದಿದ್ದು ಮೆಟ್ರಿಕ್ ಮಾತ್ರ. ಆದುದರಿಂದ ಗುಹೆಗಳ ವಿಚಾರ ಬರೆಯುವ ಅರ್ಹತೆ ನಮಗೆ ಏನಿದೆ ಎಂದು ಬಂಧುಗಳು ಕೇಳಬಹುದು. ಅರ್ಹತೆ ಏನೂ ಇಲ್ಲ. ಒಂದು ಕಲ್ಲಿನ ಚೂರು ಇದೆ. ಆ ಚೂರಿನಿಂದಲೇ ಈ ಬರಹ ಹುಟ್ಟಿತು.

ಆ ಕಲ್ಲು ನಮ್ಮ ಗಲ್ಲಾ ಪೆಟ್ಟಿಗೆಯ ಮೇಲೆ ಸುಮಾರು ನಲವತ್ತು ವರ್ಷಗಳಿಂದ ಕಾಗದ ಹಾರದಂತೆ ಇಡುವ ತೂಕದ ಕಲ್ಲಾಗಿತ್ತು. ಎರಡೂವರೆ ಅಂಗುಲ ಉದ್ದ, ಕ್ಯಾರೆಟ್ಟಿನ ಹಾಗೆ ಬುಡ ದಪ್ಪ, ತುದಿ ಸಣ್ಣ. ಹಳದಿ ಮಿಶ್ರಿತ ಬಿಳಿ ಬಣ್ಣ. ಮುರಿದ ಕಡೆ ನೋಡಿದರೆ ಮರದ ಕಾಂಡದಲ್ಲಿ ಇರುವಂತೆ ಒಂದರ ಸುತ್ತ ಒಂದು ಬಳೆ. ಕಳೆದ ವರ್ಷ ಎಂಟನೇ ತರಗತಿಯ ನಮ್ಮ ಮೊಮ್ಮಗ ಅದನ್ನು ಕೈಗೆತ್ತಿಕೊಂಡು, “ತಾತ, ಇದು ಸ್ಟಾಲಕ್ಟೈಟ್ ಅಲ್ಲವಾ? ಪುಸ್ತಕದಲ್ಲಿ ಚಿತ್ರ ಇದೆ. ನಿಮಗೆ ಯಾರು ಕೊಟ್ಟರು?” ಎಂದು ಕೇಳಿದ.

“ಯಾರೂ ಕೊಡಲಿಲ್ಲ, ನಾವೇ ತಂದದ್ದು” ಎಂದೆವು.

“ಹಾಗಾದರೆ ಮುರಿದಿರಾ?” ಎಂದ.

ಮಗು ಕೇಳಿದ್ದು ಸಹಜವಾಗಿ. ನಮಗೆ ಮಾತ್ರ ತಕ್ಷಣ ಉತ್ತರ ಹೊರಡಲಿಲ್ಲ.

ಕಲ್ಲು ಬಂದ ಬಗೆ

1985ರಲ್ಲಿ ಮಂಡಿಗೆ ಹೊಸ ಕಟ್ಟಡ ಕಟ್ಟಿಸಿದೆವು. ನೆಲಕ್ಕೆ ಕಡಪ ಕಲ್ಲು ಹಾಸಬೇಕೆಂದು ತಂದೆಯವರ ಅಪೇಕ್ಷೆ. ಆಗ ನಮಗೆ ಇಪ್ಪತ್ತೈದು ದಾಟಿದ ವಯಸ್ಸು. ಕಲ್ಲು ಆರಿಸಲು ಆಂಧ್ರದ ತಾಡಿಪತ್ರಿಗೆ ಹೋದೆವು. ಅಲ್ಲಿ ಪರಿಚಯವಾದ ವ್ಯಾಪಾರಿಯೊಬ್ಬರು, “ಲಾರಿ ತುಂಬಲು ಇನ್ನೂ ಒಂದು ದಿನ ಬೇಕು, ಹತ್ತಿರದಲ್ಲೇ ಬೇಲಂ ಎಂಬ ಹಳ್ಳಿಯಲ್ಲಿ ದೊಡ್ಡ ಬಿಲ ಇದೆ, ನೋಡಿ ಬರೋಣ” ಎಂದರು. ಬೇಲಂ ಎಂಬ ಹೆಸರೇ ‘ಬಿಲ’ ಎಂಬ ಮಾತಿನಿಂದ ಬಂದದ್ದು ಎನ್ನುತ್ತಾರೆ.

ಹೊಲಗಳ ನಡುವೆ ಬಾವಿಯಂಥ ಮೂರು ಗುಂಡಿಗಳು. ನಡುವಿನದೇ ಬಾಗಿಲು. ಆಗ ಟಿಕೆಟ್ಟಿಲ್ಲ, ದೀಪವಿಲ್ಲ, ಕಾವಲಿಲ್ಲ. ಪೆಟ್ರೋಮ್ಯಾಕ್ಸ್ ಹಿಡಿದ ಆಳೊಬ್ಬ ಮುಂದೆ, ನಾವು ಹಿಂದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಬೆವರು ಧಾರೆಯಾಗಿ ಇಳಿಯಿತು. ದೀಪ ಎತ್ತಿದರೆ ಚಾವಣಿಯಿಂದ ತೂಗುತ್ತಿರುವ ಕಲ್ಲುಗಳು, ದನದ ಕೆಚ್ಚಲಿನ ಹಾಗೆ, ಆಲದ ಬಿಳಲಿನ ಹಾಗೆ. ನಮ್ಮ ಕೈಗೆ ಎಟಕುವಂತೆ ಒಂದು ಪುಟ್ಟದು ಇತ್ತು. ಹಿಡಿದು ತಿರುಗಿಸಿದೆವು, ಸೀಮೆಸುಣ್ಣ ಮುರಿದಂತೆ ಟಪ್ ಎಂದಿತು. ನೆನಪಿಗಿರಲಿ ಎಂದು ಜೇಬಿಗೆ ಹಾಕಿಕೊಂಡೆವು. ಯಾರೂ ಬೇಡ ಎನ್ನಲಿಲ್ಲ. ನಮಗೂ ಅದು ತಪ್ಪು ಎಂದು ತೋರಲಿಲ್ಲ.

ಮೊಮ್ಮಗ ಕೇಳಿದ ಮೇಲೆ ಈ ಕಲ್ಲಿನ ಬೆಲೆ ಎಷ್ಟು ಎಂದು ತಿಳಿಯುವ ಹಟ ಹುಟ್ಟಿತು. ನಮ್ಮ ಗಿರಾಕಿಗಳಲ್ಲಿ ಸೇಲಂನ ನಿವೃತ್ತ ಭೂವಿಜ್ಞಾನ ಅಧ್ಯಾಪಕರು ಒಬ್ಬರಿದ್ದಾರೆ. ವರ್ಷಕ್ಕೊಮ್ಮೆ ಹುಣಸೆಹಣ್ಣು ಕೊಳ್ಳಲು ಬರುವವರು. ಅವರನ್ನು ಕೂಡಿಸಿ, ಮಜ್ಜಿಗೆ ಕೊಟ್ಟು, ಕೇಳಿದೆವು. ಅವರು ಪಾಠವನ್ನು ನಮ್ಮ ಮಂಡಿಯ ನೆಲದಿಂದಲೇ ಆರಂಭಿಸಿದರು.

ಹುಣಸೆಹಣ್ಣು ಕಲಿಸಿದ ಪಾಠ

ನಮ್ಮ ನೆಲದ ಕಡಪ ಕಲ್ಲು ಕಪ್ಪು ಬಣ್ಣದ್ದು. ಆದರೆ ಮೂಟೆ ಬಿಚ್ಚಿ ಸುರಿಯುವ ಜಾಗದಲ್ಲೆಲ್ಲ ಬೆಳ್ಳಗೆ ಮಚ್ಚೆ ಬಿದ್ದು ಹೊಳಪು ಹೋಗಿದೆ. ನಲವತ್ತು ವರ್ಷ ಒರೆಸಿದರೂ ಹೋಗಲಿಲ್ಲ. ಕಲ್ಲು ಕೊಟ್ಟವನು ಮೋಸ ಮಾಡಿದ ಎಂದೇ ನಾವು ಅಂದುಕೊಂಡಿದ್ದೆವು. ಅಧ್ಯಾಪಕರು ನಕ್ಕು ಹೇಳಿದರು: “ಶೆಟ್ಟರೇ, ಕಡಪ ಕಲ್ಲು ಅಂದರೆ ಸುಣ್ಣದ ಕಲ್ಲು. ಹುಣಸೆಯ ಹುಳಿ ಅದನ್ನು ತಿನ್ನುತ್ತದೆ. ಬೇಲಂ ಗುಹೆ ಆದದ್ದೂ ಹೀಗೆಯೇ. ಅಲ್ಲಿ ಹುಣಸೆಯ ಬದಲು ಮಳೆನೀರು.”

ಮಳೆನೀರಿಗೆ ಹುಳಿ ಎಲ್ಲಿಂದ ಬಂತು? ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುತ್ತದೆ. ಗೋಲಿ ಸೋಡಾದಲ್ಲಿ ತುಂಬುವ ಗಾಳಿಯೂ ಅದೇ. ಮಳೆ ಬೀಳುವಾಗ ಅದನ್ನು ಸ್ವಲ್ಪ ಹೀರಿಕೊಳ್ಳುತ್ತದೆ. ಮಣ್ಣಿನೊಳಗೆ ಬೇರುಗಳೂ ಕೊಳೆಯುವ ಎಲೆಗಳೂ ಬಿಡುವ ಅದೇ ಗಾಳಿಯನ್ನು ಇನ್ನೂ ಹೆಚ್ಚಾಗಿ ಹೀರುತ್ತದೆ. ಹೀಗೆ ನೀರು ಬಹಳ ತೆಳುವಾದ ಸೋಡಾ ನೀರಾಗಿ, ಸುಣ್ಣದ ಕಲ್ಲಿನ ಬಿರುಕಿಗೆ ಇಳಿದು ಕೂದಲೆಳೆಯಷ್ಟು ಕೂದಲೆಳೆಯಷ್ಟು ಕರಗಿಸುತ್ತದೆ. ಬಿರುಕು ಓಣಿಯಾಗುತ್ತದೆ, ಓಣಿ ಕೋಣೆಯಾಗುತ್ತದೆ. ಇದಕ್ಕೆ ಲಕ್ಷಗಟ್ಟಲೆ ವರ್ಷ ಹಿಡಿಯುತ್ತದೆ.

ಮುಂದೆ ಇದರ ತಿರುವು ಮುರುವು. ಕರಗಿಸಿದ ಸುಣ್ಣವನ್ನು ಹೊತ್ತ ನೀರು ಗುಹೆಯ ಚಾವಣಿಗೆ ಬಂದು ಹನಿಯಾಗಿ ನಿಲ್ಲುತ್ತದೆ. ಸೋಡಾ ಬಾಟಲಿಯ ಗೋಲಿ ಒತ್ತಿದರೆ ಗಾಳಿ ಹೊರಗೆ ಬರುವಂತೆ, ಗುಹೆಯ ಗಾಳಿಗೆ ಬಂದ ಕೂಡಲೇ ಹನಿಯೊಳಗಿನ ಆ ಗಾಳಿ ಹೊರಟುಹೋಗುತ್ತದೆ. ಹುಳಿ ಕಡಿಮೆಯಾದ ಮೇಲೆ ಹನಿಗೆ ಅಷ್ಟು ಸುಣ್ಣ ಹೊರುವ ಶಕ್ತಿ ಇರುವುದಿಲ್ಲ. ಹನಿ ಬೀಳುವ ಮೊದಲು ಕಣ್ಣಿಗೆ ಕಾಣದಷ್ಟು ಸುಣ್ಣವನ್ನು ಚಾವಣಿಗೆ ಬಿಟ್ಟು ಬೀಳುತ್ತದೆ. ಕೆಳಗೆ ಬಿದ್ದ ಹನಿ ಉಳಿದದ್ದನ್ನು ನೆಲದ ಮೇಲೆ ಬಿಡುತ್ತದೆ. ಮೇಲಿನಿಂದ ಇಳಿಯುವುದು ಸ್ಟಾಲಕ್ಟೈಟ್, ಕೆಳಗಿನಿಂದ ಏಳುವುದು ಸ್ಟಾಲಗ್ಮೈಟ್. ನಾವು ತೂಗುಗಲ್ಲು, ನೆಲಗಲ್ಲು ಎಂದು ಕರೆಯೋಣ. ಎರಡೂ ಬೆಳೆದು ಸೇರಿದರೆ ಕಂಬ.

ತೂಗುಗಲ್ಲು ಮೊದಲು ಎಳನೀರು ಕುಡಿಯುವ ಕೊಳವೆಯ ಹಾಗೆ ಟೊಳ್ಳಾಗಿರುತ್ತದೆ. ಹನಿ ಅದರ ಒಳಗೇ ಇಳಿಯುತ್ತದೆ. ಕೊಳವೆ ಕಟ್ಟಿಕೊಂಡ ಮೇಲೆ ನೀರು ಹೊರಮೈ ಮೇಲೆ ಹರಿದು ದಪ್ಪವಾಗುತ್ತದೆ. ಇಳಿಜಾರು ಚಾವಣಿಯಲ್ಲಿ ನೀರು ಸಾಲಾಗಿ ಹರಿದರೆ ಮದುವೆ ಚಪ್ಪರದ ಪರದೆಯಂಥ ಮಡಿಕೆಗಳು ಬರುತ್ತವೆ. ಕೆಲವು ಗುಹೆಗಳಲ್ಲಿ ಕಲ್ಲಿನ ಎಳೆಗಳು ಕೆಳಗೂ ಇಳಿಯದೆ ಮೇಲೂ ಏರದೆ, ಬಳ್ಳಿಯ ಕುಡಿಯಂತೆ ಅಡ್ಡಡ್ಡ ಸುರುಳಿ ಸುತ್ತುತ್ತವೆ. ಹನಿ ಬೀಳುವ ಪುಟ್ಟ ಗುಂಡಿಯಲ್ಲಿ ಒಂದು ಮರಳಿನ ಕಾಳು ಇದ್ದರೆ ಅದರ ಸುತ್ತ ಸುಣ್ಣ ಪದರ ಪದರವಾಗಿ ಕಟ್ಟಿ ಗುಂಡಗೆ ಮುತ್ತಿನಂತೆ ಆಗುತ್ತದೆ. ಅದಕ್ಕೆ ಗುಹೆಮುತ್ತು ಎಂದೇ ಹೆಸರು. ಆಭರಣದ ವ್ಯಾಪಾರ ಮಾಡುವ ನಮ್ಮ ಬಂಧುಗಳು ಬಹಳ ಮಂದಿ ಇದ್ದಾರೆ. ಸಿಂಪಿಯ ಮುತ್ತೂ ಗುಹೆಯ ಮುತ್ತೂ ಮುಖ್ಯವಾಗಿ ಒಂದೇ ಸುಣ್ಣದ ಪದಾರ್ಥ ಎಂಬುದನ್ನು ಅವರು ಗಮನಿಸಬೇಕು. ಒಂದನ್ನು ಹೊರತೆಗೆಯುವಾಗ ಸಾಮಾನ್ಯವಾಗಿ ಜೀವಿ ಸಾಯುತ್ತದೆ, ಇನ್ನೊಂದಕ್ಕೆ ನೀರು ಸಾಕು.

ನಮ್ಮ ಬೆಟ್ಟಗಳಲ್ಲಿ ಏಕಿಲ್ಲ?

ಇದನ್ನೆಲ್ಲ ಕೇಳಿದ ಮೊಮ್ಮಗ, “ಹಾಗಾದರೆ ನಮ್ಮ ಬೆಟ್ಟದಲ್ಲಿ ಯಾಕೆ ಇಂಥ ಗುಹೆ ಇಲ್ಲ?” ಎಂದ. ನೋಡಿಯೇ ತಿಳಿಯೋಣ ಎಂದು ಭಾನುವಾರಗಳಲ್ಲಿ ಹೊರಟೆವು.

ಮೊದಲು ಏರ್ಕಾಡು. ಸೇಲಂನಿಂದ ಇಪ್ಪತ್ತು ಕೊಂಡಿ ತಿರುವುಗಳನ್ನು ಹತ್ತಿ ಹೋಗಬೇಕು. ಬೆಟ್ಟದ ನೆತ್ತಿಯಲ್ಲಿ, ಸುಮಾರು 5,300 ಅಡಿ ಎತ್ತರದಲ್ಲಿ, ಶೇರ್ವರಾಯನ್ ಗುಡಿ. ಗುಡಿ ಎಂದರೆ ಕಟ್ಟಿದ ಗೋಪುರವಲ್ಲ, ಇಕ್ಕಟ್ಟಾದ ಕತ್ತಲೆಯ ಗುಹೆ. ಒಳಗೆ ಬಗ್ಗಿ ಹೋಗಬೇಕು. ಶೇರ್ವರಾಯನ್ ಜೊತೆಗೆ ಕಾವೇರಿ ಅಮ್ಮನೂ ಅಲ್ಲಿ ಉಂಟು. ಆ ಗುಹೆ ಕಾವೇರಿ ನದಿಯವರೆಗೂ ಹೋಗುತ್ತದೆ ಎಂಬುದು ಬೆಟ್ಟದ ಜನರ ನಂಬಿಕೆ. ಪ್ರತಿ ವರ್ಷ ಮೇ ತಿಂಗಳಲ್ಲಿ ಜಾತ್ರೆ. ಗೋಡೆ ಸವರಿ ನೋಡಿದರೆ ತೇವವಿದೆ, ಆದರೆ ಒಂದೂ ತೂಗುಗಲ್ಲು ಇಲ್ಲ.

ಕಾರಣ ಇಷ್ಟೇ. ಈ ಬೆಟ್ಟಸಾಲಿನ ಮೂಲ ಕಲ್ಲು ಚಾರ್ನೊಕೈಟ್ ಎಂಬ ಗಟ್ಟಿ ಜಾತಿಯದು. ಸುಮಾರು 250 ಕೋಟಿ ವರ್ಷ ಹಳೆಯದು. ಕಲ್ಕತ್ತೆಯಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನೆಲೆ ಹೂಡಿದ ಜಾಬ್ ಚಾರ್ನಾಕ್ ಎಂಬಾತನ ಗೋರಿಯ ಕಲ್ಲು ಇದೇ ಜಾತಿಯದಾದ್ದರಿಂದ, ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ 1893ರಲ್ಲಿ ಆ ಹೆಸರಿಟ್ಟರು. ಇದರಲ್ಲಿ ಸುಣ್ಣದ ಕಲ್ಲಿನ ಗುಣವಿಲ್ಲ. ಮಳೆನೀರಿಗೆ ಬೇಗ ಕರಗುವುದಿಲ್ಲ. ಇಂಥ ಗಟ್ಟಿ ಕಲ್ಲಿನ ನಾಡಿನಲ್ಲಿ ಗುಹೆ ಎಂದರೆ ಬಂಡೆ ಬಿರುಕು ಬಿಟ್ಟು ಆದದ್ದು, ಇಲ್ಲವೆ ಒಂದರ ಮೇಲೊಂದು ಬಂಡೆ ಒರಗಿ ಆದದ್ದು. ಅಡಗಲು ಜಾಗ ಸಿಗುತ್ತದೆ, ಅಲಂಕಾರ ಸಿಗುವುದಿಲ್ಲ.

ಏರ್ಕಾಡಿನಲ್ಲಿ ಮತ್ತೊಂದು ಆಶ್ಚರ್ಯ ಕಾದಿತ್ತು. ಅಲ್ಲಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ಸ್ಮಾರಕ ಇದೆ. 1863ರಲ್ಲಿ ಮದರಾಸಿನ ಪಲ್ಲಾವರಂ ಬಳಿ ಶಿಲಾಯುಗದ ಕೈಕೊಡಲಿಯನ್ನು ಗುರುತಿಸಿದವರು ಇವರು. ನಿವೃತ್ತಿಯ ನಂತರ ಏರ್ಕಾಡಿನಲ್ಲೇ ನೆಲೆಸಿ 1912ರಲ್ಲಿ ತೀರಿಕೊಂಡರು. 1884ರಲ್ಲಿ ಬೇಲಂ ಗುಹೆಯ ಬಗ್ಗೆ ಬರೆದಿಟ್ಟವರೂ ಇವರೇ. ಕರ್ನೂಲು ಸೀಮೆಯ ಬಿಲ್ಲಸುರ್ಗಂ ಗುಹೆಗಳನ್ನು ಮಗನೊಂದಿಗೆ ಅಗೆಸಿ ಪ್ರಾಚೀನ ಪ್ರಾಣಿಗಳ ಮೂಳೆಗಳನ್ನು ತೆಗೆದವರೂ ಇವರೇ. ನಾವು ಕಲ್ಲು ಮುರಿದ ಗುಹೆಯ ಲೆಕ್ಕ ಬರೆದವರು ನಮ್ಮ ಮನೆಯ ಹಿಂದಿನ ಬೆಟ್ಟದ ಮೇಲೆಯೇ ಬಾಳಿದ್ದರು. ಅರವತ್ತು ವರ್ಷದಿಂದ ಆ ಬೆಟ್ಟ ನೋಡುತ್ತಿದ್ದರೂ ನಮಗೆ ಗೊತ್ತಿರಲಿಲ್ಲ.

ಎರಡನೆಯ ಭಾನುವಾರ ಹರೂರಿನ ಆಚೆಯ ತೀರ್ಥಮಲೆಗೆ ಹೋದೆವು. ಅಲ್ಲಿ ಬಂಡೆಯ ನೆತ್ತಿಯಿಂದ ನೀರು ಬೀಳುತ್ತದೆ. ರಾಮತೀರ್ಥ, ಅಗ್ನಿತೀರ್ಥ, ಅಗಸ್ತ್ಯತೀರ್ಥ ಎಂದೆಲ್ಲ ಹೆಸರು. ಮಳೆಗಾಲದಲ್ಲಿ ಬೆಟ್ಟ ಕುಡಿದ ನೀರನ್ನು ಬಿರುಕುಗಳು ಹಿಡಿದಿಟ್ಟು ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಡುತ್ತವೆ. ಬೆಟ್ಟವೂ ಜಾಣ ಗೃಹಿಣಿಯ ಹಾಗೆ, ಬಂದದ್ದೆಲ್ಲ ಒಂದೇ ದಿನ ಖರ್ಚು ಮಾಡುವುದಿಲ್ಲ.

ಮುನಿಗಳು ತಂಗಿದ ಗುಹೆಗಳು

ಅಲಂಕಾರವಿಲ್ಲದ ಗಟ್ಟಿ ಕಲ್ಲಿನ ಗುಹೆಗಳೇ ನಮ್ಮ ಧರ್ಮದ ಇತಿಹಾಸದಲ್ಲಿ ದೊಡ್ಡ ಪಾತ್ರ ವಹಿಸಿವೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಭದ್ರಬಾಹು ಗುಹೆಯನ್ನು ನೋಡದ ಬಂಧುಗಳು ವಿರಳ. ಪುದುಕ್ಕೋಟೆ ಬಳಿಯ ಸಿತ್ತನ್ನವಾಸಲ್ ಬೆಟ್ಟದ ಏಳಡಿಪಟ್ಟಂ ಎಂಬ ಸಹಜ ಗುಹೆಯಲ್ಲಿ ಮುನಿಗಳು ಮಲಗಲು ಕಲ್ಲಿನಲ್ಲೇ ನುಣುಪು ಮಾಡಿದ 17 ಹಾಸುಗಳಿವೆ. ಅಲ್ಲಿನ ತಮಿಳು ಬ್ರಾಹ್ಮಿ ಶಾಸನವು ಎರುಮಿನಾಡಿನ ಕುಮುೞೂರಿನಲ್ಲಿ ಹುಟ್ಟಿದ ಒಬ್ಬ ಮುನಿಗಾಗಿ ಈ ಆಸನ ಮಾಡಿಸಿದ್ದನ್ನು ಹೇಳುತ್ತದೆ. ಎರುಮೆ ಎಂದರೆ ಎಮ್ಮೆ. ಎರುಮಿನಾಡು ಎಂದರೆ ಮಹಿಷನ ನಾಡು, ಅಂದರೆ ಮೈಸೂರು ಸೀಮೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಎರಡು ಸಾವಿರ ವರ್ಷಗಳ ಹಿಂದೆಯೇ ನಮ್ಮ ಕಡೆಯವರೊಬ್ಬರು ಕಾಲ್ನಡಿಗೆಯಲ್ಲಿ ಅಲ್ಲಿಗೆ ಹೋಗಿ ಬರಿಯ ಕಲ್ಲಿನ ಮೇಲೆ ಮಲಗಿದ್ದರು.

ತಮಿಳುನಾಡಿನ ಇಂಥ ಗುಹೆಗಳ ಬಾಯಿಯ ಮೇಲೆ, ಬಂಡೆಯ ಹಣೆಯಲ್ಲಿ, ಉದ್ದಕ್ಕೂ ಒಂದು ಗೀರು ಕೊರೆದಿರುವುದನ್ನು ಕಾಣಬಹುದು. ಮಳೆನೀರು ಬಂಡೆಯ ಮೈ ಹಿಡಿದು ಒಳಗೆ ಹರಿಯದೆ ಆ ಗೀರಿನಲ್ಲಿ ತಡೆದು ಹೊರಗೆ ಬೀಳಲಿ ಎಂದು ಈ ಏರ್ಪಾಡು. ಮಲಗಲು ಹಾಸು, ಮಳೆಗೆ ಗೀರು. ಬೆಟ್ಟದಿಂದ ಮುನಿಗಳು ಕೇಳಿದ್ದು ಇಷ್ಟೇ.

ಮೂರನೆಯ ಪ್ರಯಾಣ ಪೋಳೂರು ಕಡೆಯ ತಿರುಮಲೈಗೆ. ಬುತ್ತಿಯನ್ನು ಸೂರ್ಯಾಸ್ತದ ಮೊದಲೇ ಮುಗಿಸಬೇಕಾದ್ದರಿಂದ ನಸುಕಿನಲ್ಲೇ ಹೊರಟೆವು. ನಮ್ಮ ಸೀಮೆಗೂ ಆ ಬೆಟ್ಟಕ್ಕೂ ಹಳೆಯ ಸಂಬಂಧ ಉಂಟು. ಧರ್ಮಪುರಿಯ ಹಿಂದಿನ ಹೆಸರು ತಗಡೂರು. ಶಕವರ್ಷ 815, ಅಂದರೆ 893ರ ನೊಳಂಬ ಮಹೇಂದ್ರನ ಕಾಲದ ಕನ್ನಡ ಶಾಸನವೊಂದು ಅಲ್ಲಿ ದೊರಕಿದೆ. ಶ್ರೀಮಂಗಲದ ಶೆಟ್ಟಿಯೊಬ್ಬರ ಮಕ್ಕಳಾದ ನಿಧಿಯಣ್ಣ, ಚಂಡಿಯಣ್ಣ ಎಂಬ ಸಹೋದರರು ತಗಡೂರಿನಲ್ಲಿ ಬಸದಿ ಕಟ್ಟಿಸಿದ್ದನ್ನೂ, ಅದರ ಪೂಜೆ, ದುರಸ್ತಿಗಾಗಿ ನಿಧಿಯಣ್ಣನು ಅರಸನಿಂದ ಪಡೆದ ಮೂಲಪಳ್ಳಿ ಗ್ರಾಮವನ್ನು ಕನಕಸೇನ ಸಿದ್ಧಾಂತ ಭಟಾರರಿಗೆ ಒಪ್ಪಿಸಿದ್ದನ್ನೂ ಅದು ಹೇಳುತ್ತದೆ. ವ್ಯಾಪಾರಸ್ಥ ಬಂಧುಗಳು ಈ ಇಬ್ಬರ ಹೆಸರನ್ನು ಮನೆಯಲ್ಲಿ ಮಕ್ಕಳಿಗೆ ಹೇಳಬೇಕು. ಅದೇ ತಗಡೂರಿನ ಅದಿಯಮಾನ್ ವಂಶದ ಅರಸನೊಬ್ಬ ತಿರುಮಲೈಯ ಯಕ್ಷ ಯಕ್ಷಿಯರ ಮೂರ್ತಿಗಳನ್ನು ಜೀರ್ಣೋದ್ಧಾರ ಮಾಡಿಸಿದ್ದಾನೆ. ಆ ಮೂರ್ತಿಗಳನ್ನು ಮೊದಲು ಮಾಡಿಸಿದವನು ತನ್ನ ಪೂರ್ವಿಕ ಎಂದು ಅವನ ಶಾಸನದಲ್ಲಿದೆ.

ತಿರುಮಲೈಯಲ್ಲಿ ದೊಡ್ಡ ಬಂಡೆಯ ಕೆಳಗೆ ಸಹಜವಾದ ಗುಹೆ. ಅದಕ್ಕೆ ಇಟ್ಟಿಗೆಯ ಗೋಡೆ ಕಟ್ಟಿ ಕೋಣೆಗಳನ್ನು ಮಾಡಿದ್ದಾರೆ. ಚಾವಣಿಯ ಮೇಲೆ ಹಳೆಯ ಬಣ್ಣದ ಚಿತ್ರಗಳು. ಮೇಲೆ ಬಂಡೆಯಲ್ಲಿ ಕಡೆದ 16 ಅಡಿಗಳ ನೇಮಿನಾಥ ಸ್ವಾಮಿಯ ಬಿಂಬ. ರಾಜರಾಜ ಚೋಳನ ಅಕ್ಕ ಕುಂದವೈಯ ಹೆಸರಿನ ಜಿನಾಲಯವೂ ಅಲ್ಲಿದೆ. 1998ರಲ್ಲಿ ಆರಂಭವಾದ ಅರಿಹಂತಗಿರಿ ಜೈನ ಮಠವೂ ಬೆಟ್ಟದ ಬುಡದಲ್ಲಿದೆ. ಚಿತ್ರಗಳಲ್ಲಿ ಎಷ್ಟೋ ಭಾಗ ಉದುರಿಹೋಗಿದೆ. ಮೊಮ್ಮಗ ಕೈ ಚಾಚಿದ. ನಾವು “ಮುಟ್ಟಬೇಡ ಮಗು” ಎಂದೆವು. ಅವನು ಕೈ ಹಿಂದೆಳೆದುಕೊಂಡು ನಮ್ಮ ಮುಖವನ್ನೇ ನೋಡಿದ. ಏನೂ ಅನ್ನಲಿಲ್ಲ. ಅನ್ನಬೇಕಾದ್ದೂ ಇರಲಿಲ್ಲ.

ಮತ್ತೆ ಬೇಲಂ

ದಸರಾ ರಜೆಯಲ್ಲಿ ಮಗ, ಸೊಸೆ, ಮೊಮ್ಮಗ, ನಮ್ಮ ಮನೆಯವರು ಎಲ್ಲರೂ ಬೇಲಂಗೆ ಹೋದೆವು. ಕಲ್ಲಿನ ಚೂರು ನಮ್ಮ ಜೇಬಿನಲ್ಲಿತ್ತು.

ಬಾವಿಯಂಥ ಗುಂಡಿ ಹಾಗೆಯೇ ಇದೆ. ಉಳಿದದ್ದೆಲ್ಲ ಬದಲಾಗಿದೆ. 1980ರ ದಶಕದ ಆರಂಭದಲ್ಲಿ ಡೇನಿಯಲ್ ಗೆಬಾಯರ್ ನೇತೃತ್ವದ ಜರ್ಮನ್ ತಂಡ ಇದನ್ನು ಶೋಧಿಸಿತ್ತು. 2002ರಲ್ಲಿ ಪ್ರವಾಸೋದ್ಯಮ ಸಂಸ್ಥೆಯವರು ದೀಪ, ಮೆಟ್ಟಿಲು, ಗಾಳಿಯ ಕೊಳವೆಗಳೊಂದಿಗೆ ಜನರಿಗೆ ತೆರೆದರು. ಗೊತ್ತಿರುವ ಒಟ್ಟು ಉದ್ದ 3,229 ಮೀಟರು. ಅದರಲ್ಲಿ ಸುಮಾರು ಒಂದೂವರೆ ಕಿಲೋಮೀಟರು ನಡೆದು ನೋಡಬಹುದು. ಭಾರತದ ಬಯಲುನಾಡಿನ ಗುಹೆಗಳಲ್ಲಿ ಇದೇ ಅತಿ ಉದ್ದ ಎಂದು ಹೆಸರು. ಕೋಟಿಲಿಂಗಗಳ ಕೋಣೆಯಲ್ಲಿ ತೂಗುಗಲ್ಲುಗಳು ಲೆಕ್ಕವಿಲ್ಲದಷ್ಟು. ಸಪ್ತಸ್ವರ ಗುಹೆಯಲ್ಲಿ ಕಲ್ಲು ತಟ್ಟಿದರೆ ನಾದ ಹೊರಡುತ್ತದೆ. ಅತಿ ಆಳದಲ್ಲಿ ಪಾತಾಳಗಂಗೆ ಎಂಬ ಹರಿವು. ಒಂದು ಕಾಲದಲ್ಲಿ ಜೈನ, ಬೌದ್ಧ ಮುನಿಗಳು ಇಲ್ಲಿ ವಾಸವಿದ್ದರೆಂದೂ ಹೇಳುತ್ತಾರೆ.

ಒಳಗೆ ಈಗಲೂ ಸೆಕೆ. ಗುಹೆಯ ಆಳದಲ್ಲಿ ಹಗಲು ರಾತ್ರಿ, ಬೇಸಿಗೆ ಚಳಿ ಎಂಬ ಭೇದ ಬಹಳ ಕಡಿಮೆ. ಹೊರಗಿನ ಊರಿನ ಇಡೀ ವರ್ಷದ ಸರಾಸರಿ ಶಾಖವೇ ಒಳಗೆ ಸದಾ ಇರುತ್ತದೆ. ಹೀಗಾಗಿ ಕರ್ನೂಲು ಸೀಮೆಯ ಗುಹೆ ಬೆಚ್ಚಗೆ, ಮೇಘಾಲಯದ ಗುಹೆ ತಣ್ಣಗೆ.

ನಾವು ಮುರಿದ ಜಾಗವನ್ನು ಹುಡುಕಿದೆವು. ಸಿಗಲಿಲ್ಲ. ಕೈಗೆ ಎಟಕುವ ಎತ್ತರದಲ್ಲಿ ಮುರಿದ ಬುಡಗಳು ಒಂದಲ್ಲ, ಬೇಕಾದಷ್ಟು ಇದ್ದವು. ನಮ್ಮಂಥವರು ಎಷ್ಟು ಮಂದಿ ಬಂದು ಹೋಗಿರಬೇಕು! ಒಬ್ಬೊಬ್ಬರೂ “ಒಂದೇ ತಾನೆ” ಎಂದುಕೊಂಡಿರಬೇಕು.

ಕಲ್ಲಿನ ಲೆಕ್ಕ

ಆ ರಾತ್ರಿ ತಾಡಿಪತ್ರಿಯ ವಸತಿಗೃಹದಲ್ಲಿ ಕುಳಿತು ಲೆಕ್ಕ ಹಾಕಿದೆವು. ತೂಗುಗಲ್ಲು ವರ್ಷಕ್ಕೆ ಸಾಮಾನ್ಯವಾಗಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಬೆಳೆಯುತ್ತದೆ. ಕೆಲವೆಡೆ ಹೆಚ್ಚು, ಕೆಲವೆಡೆ ಇನ್ನೂ ಕಡಿಮೆ. ನಮ್ಮ ಕಲ್ಲು ಎರಡೂವರೆ ಅಂಗುಲ, ಅಂದರೆ ಸುಮಾರು 63 ಮಿಲಿಮೀಟರು. ಆ ಲೆಕ್ಕಕ್ಕೆ ಆರುನೂರು ವರ್ಷದ ಮೇಲಾಯಿತು. ಕಾರ್ಕಳದಲ್ಲಿ ಬಾಹುಬಲಿ ಸ್ವಾಮಿಯ ಪ್ರತಿಷ್ಠೆ ಆದದ್ದು 1432ರಲ್ಲಿ. ಅದಕ್ಕೂ ಮೊದಲೇ ಮೊದಲ ಹನಿ ಅಲ್ಲಿ ನಿಂತಿರಬೇಕು. ಅಂದಿನಿಂದ ಒಂದು ದಿನವೂ ವಸೂಲಿ ಕೇಳದೆ ಜಮಾ ಆಗುತ್ತಾ ಬಂದದ್ದನ್ನು ನಾವು ಒಂದು ನಿಮಿಷದಲ್ಲಿ ಖರ್ಚು ಬರೆದೆವು.

ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದು. ಅಧ್ಯಾಪಕರು ಹೇಳಿದ್ದು: ಕಲ್ಲಿನ ಒಳಗಿನ ಆ ಬಳೆಗಳು ಬರಿಯ ಬಳೆಗಳಲ್ಲ. ಹನಿ ಬಿಟ್ಟ ಸುಣ್ಣದ ಗುಣವನ್ನು ಪರೀಕ್ಷೆ ಮಾಡಿದರೆ ಆ ಕಾಲದಲ್ಲಿ ಮಳೆ ಜೋರಾಗಿತ್ತೋ ಕ್ಷಾಮವಿತ್ತೋ ತಿಳಿಯುತ್ತದೆ. ಮೇಘಾಲಯದಲ್ಲಿ ಚಿರಾಪುಂಜಿ ಬಳಿಯ ಮಾವ್‌ಮ್ಲೂ ಗುಹೆಯ ಒಂದು ನೆಲಗಲ್ಲಿನಲ್ಲಿ, ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಬಹುಕಾಲ ಕೈಕೊಟ್ಟ ಗುರುತು ಸಿಕ್ಕಿದೆ. ಅದನ್ನೇ ಆಧಾರವಾಗಿ ಇಟ್ಟುಕೊಂಡು, ಅಂದಿನಿಂದ ಇಂದಿನವರೆಗಿನ ಭೂಮಿಯ ಕಾಲಕ್ಕೆ ‘ಮೇಘಾಲಯನ್ ಯುಗ’ ಎಂದು ಪ್ರಪಂಚದ ಭೂವಿಜ್ಞಾನಿಗಳು 2018ರಲ್ಲಿ ಹೆಸರಿಟ್ಟರು. ಇಡೀ ಲೋಕದ ಕಾಲಗಣನೆಗೆ ನಮ್ಮ ದೇಶದ ಒಂದು ಗುಹೆಯ ಕಲ್ಲು ಸಾಕ್ಷಿ ನುಡಿಯಿತು.

ವ್ಯಾಪಾರಿಗೆ ಇದು ಬೇಗ ಅರ್ಥವಾಗುತ್ತದೆ. ಗುಹೆ ನಿಸರ್ಗದ ದಿನವಹಿ. ಹನಿ ಗುಮಾಸ್ತ. ಪ್ರತಿ ವರ್ಷದ ಮಳೆ ಬೆಳೆಯ ಲೆಕ್ಕ ಅದರಲ್ಲಿ ಬರೆದಿದೆ. ಕಲ್ಲು ಮುರಿಯುವುದೆಂದರೆ ಬೇರೆಯವರ ಅಂಗಡಿಗೆ ನುಗ್ಗಿ ಲೆಕ್ಕದ ಪುಸ್ತಕದ ಹಾಳೆ ಹರಿದಂತೆ. ವಿಜ್ಞಾನಿಗಳು ತೆಗೆದರೆ ಎಲ್ಲಿಂದ, ಎಷ್ಟು ಆಳದಿಂದ ಎಂದು ಬರೆದಿಟ್ಟು ಓದುತ್ತಾರೆ. ನಮ್ಮ ಹಾಗೆ ಜೇಬಿಗೆ ಹಾಕಿದ್ದು ಯಾರಿಗೂ ಓದಲು ಬಾರದ ಹಾಳೆ. ಎಲ್ಲಿಂದ ಬಂತು ಎಂದು ತಂದವನಿಗೇ ಈಗ ಗೊತ್ತಿಲ್ಲ.

ನಮ್ಮ ಮನೆಯವರು ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಕೇಳಿ, “ತಕ್ಕಡಿಯಲ್ಲಿ ಒಂದು ತೊಲ ಹೆಚ್ಚು ಕಡಿಮೆ ಮಾಡದವರು ನೀವು. ಇದನ್ನು ಯಾರ ಖಾತೆಗೆ ಬರೆಯುತ್ತೀರಿ?” ಎಂದರು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು ಅದತ್ತಾದಾನ ಎಂದು ಬಾಲ್ಯದಲ್ಲೇ ಕಲಿತವರು ನಾವು. ಅಚೌರ್ಯ ಅಣುವ್ರತ ಎಂದರೆ ಮತ್ತೊಬ್ಬರ ಗಲ್ಲಾ ಪೆಟ್ಟಿಗೆಗೆ ಕೈ ಹಾಕದಿರುವುದು ಎಂದಷ್ಟೇ ತಿಳಿದಿದ್ದೆವು. ಭೂಮಿಯಲ್ಲಿ ಸೇರಿಕೊಂಡಿರುವ ಕಲ್ಲನ್ನು ಪೃಥ್ವೀಕಾಯಿಕ ಜೀವ ಎಂದು ನಮ್ಮ ಹಿರಿಯರು ಎಣಿಸಿದ್ದಾರೆ. ಹನಿಯಿಂದ ಹನಿಗೆ ಬೆಳೆಯುತ್ತಿದ್ದ ಆ ಕಲ್ಲು ಮುರಿದ ದಿನವೇ ಬೆಳೆಯುವುದನ್ನು ನಿಲ್ಲಿಸಿತು. ನಲವತ್ತು ವರ್ಷ ನಮ್ಮ ಮುಂದೆ ಇದ್ದದ್ದು ಅಷ್ಟೇ.

ಗುಹೆ ನೋಡಲು ಹೋಗುವ ಬಂಧುಗಳಿಗೆ

ನಮ್ಮ ಜನ ಪ್ರವಾಸ ಹೆಚ್ಚು ಮಾಡುವವರು. ಉತ್ತರ ಕನ್ನಡದಲ್ಲಿ ಯಾಣದ ಕಪ್ಪು ಸುಣ್ಣಶಿಲೆಯ ಶಿಖರಗಳಿವೆ, ಭೈರವೇಶ್ವರ ಶಿಖರ 120 ಮೀಟರು, ಮೋಹಿನಿ ಶಿಖರ 90 ಮೀಟರು. ದಾಂಡೇಲಿ ಬಳಿಯ ಕವಳಾ ಗುಹೆಯಲ್ಲಿ ನೆಲಗಲ್ಲೇ ಲಿಂಗವಾಗಿ ಪೂಜೆಗೊಳ್ಳುತ್ತದೆ. ದೂರ ಹೋಗುವವರಿಗೆ ಮೇಘಾಲಯದಲ್ಲಿ 30 ಕಿಲೋಮೀಟರಿಗೂ ಉದ್ದವಾದ ಗುಹೆಯ ನಾಡೇ ಇದೆ. ಎಲ್ಲಿಗೆ ಹೋದರೂ ಈ ಕೆಲವು ಮಾತು ನೆನಪಿರಲಿ.

ಬೆಳೆಯುತ್ತಿರುವ ಕಲ್ಲನ್ನು ಮುಟ್ಟಬಾರದು. ನಮ್ಮ ಅಂಗೈಯ ಎಣ್ಣೆಯಂಶ ಅಂಟಿದರೆ ಸುಣ್ಣ ಅಲ್ಲಿ ಕೂರುವುದಿಲ್ಲ, ಕಲ್ಲು ಕಪ್ಪಾಗುತ್ತದೆ. ಗೋಡೆಯ ಮೇಲೆ ಹೆಸರು ಗೀಚಬಾರದು. ಕರ್ಪೂರ, ಪಂಜು, ಊದುಬತ್ತಿಯ ಹೊಗೆ ಒಳಗೆ ಬೇಡ. ಬಾವಲಿಗಳನ್ನು ಕೂಗಿ, ಬೆಳಕು ಬಿಟ್ಟು ಬೆದರಿಸಬಾರದು. ಅವು ರಾತ್ರಿ ಹೊಲಗಳ ಹುಳುಗಳನ್ನು ತಿಂದು ರೈತನಿಗೆ ಉಪಕಾರ ಮಾಡುವ ಜೀವಿಗಳು. ಕತ್ತಲಲ್ಲೇ ಬಾಳುವ ಹುಳುಗಳು, ಕಣ್ಣಿಲ್ಲದ ಮೀನುಗಳು ಕೆಲವು ಗುಹೆಗಳಲ್ಲಿವೆ. ಕಾಲಿಡುವ ಮುನ್ನ ನೋಡಿ ಇಡಬೇಕು. ಮಳೆಗಾಲದಲ್ಲಿ ನೀರು ಹರಿಯುವ ಗುಹೆಗೆ ಇಳಿಯಬಾರದು. ಉಸಿರಿನ ತೊಂದರೆ, ಹೃದಯದ ತೊಂದರೆ ಇರುವ ಹಿರಿಯರು ಸೆಕೆಯ ಗುಹೆಗಳಲ್ಲಿ ಬಹಳ ಹೊತ್ತು ನಿಲ್ಲಬಾರದು. ಹೊರಗೆ ಬರುವಾಗ ಕೈ ಬರಿದಾಗಿಯೇ ಇರಬೇಕು.

ಕೊನೆಗೆ ಕಲ್ಲಿನ ಮಾತು. ಅದನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಗುಹೆಯಲ್ಲಿ ಎಲ್ಲೋ ಎಸೆದು ಬಂದರೆ ತಪ್ಪು ಬಚ್ಚಿಟ್ಟಂತೆ ಆಗುತ್ತದೆ, ತೀರಿದಂತೆ ಆಗುವುದಿಲ್ಲ. ಮೊಮ್ಮಗನೇ ದಾರಿ ತೋರಿಸಿದ. ಅವನ ಶಾಲೆಯ ವಿಜ್ಞಾನ ಕೋಣೆಗೆ ಅದನ್ನು ಕೊಟ್ಟೆವು. ಜೊತೆಗೆ ನಮ್ಮ ಕೈಬರಹದಲ್ಲೇ ತಮಿಳಿನಲ್ಲೂ ಕನ್ನಡದಲ್ಲೂ ಒಂದು ಚೀಟಿ: “ಇದು ಬೇಲಂ ಗುಹೆಯ ತೂಗುಗಲ್ಲು. ಬೆಳೆಯಲು ಸುಮಾರು ಆರುನೂರು ವರ್ಷ ಹಿಡಿದಿದೆ. 1985ರಲ್ಲಿ ಒಬ್ಬ ವ್ಯಾಪಾರಿ ತಿಳಿವಳಿಕೆ ಇಲ್ಲದೆ ಮುರಿದು ತಂದನು. ನೀವು ನೋಡಿ, ಮುರಿಯಬೇಡಿ.”

ಗಲ್ಲಾ ಪೆಟ್ಟಿಗೆಯ ಮೇಲೆ ಈಗ ಕಾಗದಕ್ಕೆ ತೂಕವಾಗಿ ಹಳೆಯ ಕಾಲು ಕಿಲೋ ಬಟ್ಟು ಇಟ್ಟಿದ್ದೇವೆ. ಫ್ಯಾನು ಹಾಕಿದರೂ ಕಾಗದ ಹಾರುವುದಿಲ್ಲ. ನೆಲದ ಬಿಳಿ ಮಚ್ಚೆಗಳನ್ನು ಒರೆಸಿ ಅಳಿಸುವ ಪ್ರಯತ್ನವನ್ನೂ ಬಿಟ್ಟಿದ್ದೇವೆ. ಮಂಡಿಗೆ ಬರುವ ಮಕ್ಕಳಿಗೆ ಅದನ್ನೇ ತೋರಿಸಿ ಗುಹೆ ಹೇಗಾಗುತ್ತದೆ ಎಂದು ಹೇಳುತ್ತೇವೆ.

ಜೈ ಜಿನೇಂದ್ರ.